ರುಕ್ಕತ್ತೆಯ ಹಾಜರಿ

ಬೆಳಿಗ್ಗೆ ಬೂತಿನ ಸಾಲಿನಲ್ಲಿ ನಿಂತು ಎರಡು ಬಾಟಲಿ ಹಾಲು ತಂದದ್ದು. ಕಾಫಿ ಇಳಿಸಿ, ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿ, ಮಗಳು ಶೈಲಾಳ ಜಡೆ ಹೆಣೆದದ್ದು. ಸ್ಟೌವಿನ ಬತ್ತಿಗಳ ತಲೆ ಕತ್ತರಿಸಿ ಸಮ ಮಾಡಿದ್ದು. ಸೊಸೈಟಿಗೆ ಸಕ್ಕರೆ ಬಂದಿದೆಯಂತೆ ಎಂದು ಓಡಿಹೋಗಿ, ಬಂದಿಲ್ಲವಂತೆ ಎಂದು ನಿಧಾನವಾಗಿ ನಡೆದುಬಂದದ್ದು. ರುಕ್ಕತ್ತೆಯ ಸೀರೆ ಎರಡು, ಹೊದಿಕೆ ಒಂದು ಒಗೆದು ಹರವಿದ್ದು. ಅವರ ಬಲಗೈಗೆ ಬಿಸಿ ಎಳ್ಳೆಣ್ಣೆ ತಿಕ್ಕಿದ್ದು. ಹುಣಸೆಹಣ್ಣಿನ ಬೀಜ ಬಿಡಿಸಿದ್ದು. ಮಧ್ಯಾಹ್ನ ಮೂರರಿಂದ ಮೂರೂವರೆಯವರೆಗೆ ಮರಾಠಿ ಓದಿದ್ದು.

ದಿನದ ಕೆಲಸವನ್ನು ಹೀಗೆ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದಿಡುವುದು ನನ್ನ ಬಹುಕಾಲದ ದೌರ್ಬಲ್ಯ. ಇದರಿಂದ ಲೋಕಕ್ಕೆ ಯಾವ ಉಪಕಾರವೂ ಇಲ್ಲ. ದಿನವೊಂದು ಸುಮ್ಮನೆ ಜಾರಿಹೋಗಲಿಲ್ಲ, ಮಡಿಸಿ ಪೆಟ್ಟಿಗೆಯಲ್ಲಿಟ್ಟೆ ಎಂಬ ಸಮಾಧಾನ ನನಗೆ, ಅಷ್ಟೇ. ಮೇಲಿನ ಪಟ್ಟಿಯಲ್ಲಿ ಕೊನೆಯದೊಂದನ್ನು ಬಿಟ್ಟರೆ ಉಳಿದ ಯಾವ ಕೆಲಸಕ್ಕೂ ನಮ್ಮ ಯಲಹಂಕದಲ್ಲಿ ಯಾರೂ ಕಾರಣ ಕೇಳುವವರಲ್ಲ. ಹುಣಸೆಬೀಜವನ್ನು ಯಾಕೆ ಬಿಡಿಸಿದೆ ಎಂದು ಈವರೆಗೆ ಒಬ್ಬರೂ ವಿಚಾರಿಸಿಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ, ಇನ್ನೂರು ಪುಟದ ನೋಟುಬುಕ್ಕಿಗೆ ಕಂದು ಕಾಗದದ ರಟ್ಟು ಹಾಕಿ, ಸೀಸದಕಡ್ಡಿ ಚೂಪು ಮಾಡಿಕೊಂಡು ಕೂತವಳನ್ನು ಕಂಡರೆ ಮಾತ್ರ ಲೋಕಕ್ಕೆ ಎಲ್ಲಿಲ್ಲದ ಕುತೂಹಲ. ಯಜಮಾನರು, "ಪರೀಕ್ಷೆ ಕಟ್ತೀಯಾ ಹೇಗೆ? ಹಾಗಿದ್ರೆ ಹಾಲ್ ಟಿಕೆಟ್ಟಿಗೆ ಫೋಟೋ ಈಗ್ಲೇ ತೆಗೆಸಿಬಿಡೋಣ, ಕೂದಲು ಇನ್ನೂ ಬೆಳ್ಳಗಾಗೋದ್ರೊಳಗೆ" ಎಂದರು. ಪಿಯುಸಿ ಓದುವ ಶೈಲಾ ದಿನವೂ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ "ಅಮ್ಮಾ, ಹೋಂವರ್ಕ್ ಆಯ್ತಾ?" ಎಂದು ಕೇಳಿ, ಹದಿನೇಳು ವರ್ಷಗಳ ಸೇಡನ್ನು ಕಂತಿನ ಮೇಲೆ ತೀರಿಸಿಕೊಳ್ಳುತ್ತಾಳೆ.

ಮರಾಠಿ ನಮ್ಮ ಮನೆತನದ ಭಾಷೆ. ಹಾಗೆಂದು ನಾವು ಹೇಳಿಕೊಳ್ಳುತ್ತೇವೆ, ಆಡುವುದಿಲ್ಲ. ಯಾವುದೋ ಕಾಲದಲ್ಲಿ ಯಾವುದೋ ದಂಡಿನ ಹಿಂದೆ ಬಟ್ಟೆಗೆ ಬಣ್ಣ ಕಟ್ಟುವವರಾಗಿ, ಸೂಜಿ ಹಿಡಿಯುವವರಾಗಿ ಬಂದು, ದಂಡು ಮುಂದೆ ಹೋದ ಮೇಲೂ ಇಲ್ಲಿಯ ನೀರು ಬಣ್ಣಕ್ಕೆ ಒಗ್ಗಿತೆಂದು ನಿಂತುಬಿಟ್ಟ ಕುಲ ನಮ್ಮದು. ಅಜ್ಜನ ಬಣ್ಣದ ಮನೆ ಚಿಕ್ಕಬಾಣಾವರದಲ್ಲಿತ್ತು. ಅಪ್ಪ ಬಣ್ಣ ಬಿಟ್ಟು ಹೊಲಿಗೆ ಹಿಡಿದು ಯಲಹಂಕಕ್ಕೆ ಬಂದು ಅಂಗಡಿ ಇಟ್ಟರು. ಬಂದ ದಿನವೇ ಮನೆಯಲ್ಲಿ ಒಂದು ಕಾನೂನು ಮಾಡಿದರಂತೆ: "ಊರಿನವರ ಮೈಯಳತೆ ತಗೊಳ್ಳೋನು ಊರಿನವರ ಬಾಯಲ್ಲೇ ಮಾತಾಡ್ಬೇಕು." ನನ್ನನ್ನು ಶಾಲೆಗೆ ಸೇರಿಸುವಾಗ ಮಾತೃಭಾಷೆ ಎಂಬ ಕಾಲಮ್ಮಿನ ಎದುರು ಒಂದು ಗಳಿಗೆಯೂ ಯೋಚಿಸದೆ ಕನ್ನಡ ಎಂದು ಬರೆಸಿದರು. ಅದು ಸುಳ್ಳೂ ಅಲ್ಲ. ನಾನು ನಗುವುದು, ಕೋಪಿಸಿಕೊಳ್ಳುವುದು, ಈ ಪಟ್ಟಿ ಬರೆಯುವುದು, ಎಲ್ಲವೂ ಕನ್ನಡದಲ್ಲೇ. ಅಮ್ಮ ಹೋದದ್ದು ನಾನು ಆರು ವರ್ಷದವಳಿದ್ದಾಗ. ಹಾಗಾಗಿ ಮಾತೃಭಾಷೆಯೆಂಬುದು ನಮ್ಮ ಮನೆಯಲ್ಲಿ ಏನಾದರೂ ಉಳಿದಿದ್ದರೆ ಅದು ಸೋದರತ್ತೆಭಾಷೆಯಾಗಿ ಉಳಿದಿತ್ತು.

ಆ ಸೋದರತ್ತೆಯೇ ರುಕ್ಕತ್ತೆ, ಅಪ್ಪನ ಅಕ್ಕ. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು ನನ್ನನ್ನು ಸಾಕಿದರು, ಮದುವೆ ಮಾಡಿಸಿದರು, ಅಪ್ಪ ತೀರಿಕೊಂಡ ಮೇಲೆ ತಮ್ಮ ಟ್ರಂಕಿನೊಡನೆ ನನ್ನ ಮನೆಗೇ ಬಂದರು. ಅವರೂ ಅಪ್ಪನ ಕಾನೂನಿಗೆ ಎಷ್ಟು ಬದ್ಧರೆಂದರೆ, ನನ್ನೆದುರು ಅವರು ಮರಾಠಿ ಆಡಿದ್ದು ದೇವರ ಮುಂದೆ ಮತ್ತು ಬೆಕ್ಕಿನ ಮೇಲೆ ಮಾತ್ರ.

ಹೋದ ಶ್ರಾವಣದಲ್ಲಿ ಅವರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಗೈ ಸೋತಿತು. ನಾಲಗೆ ತಿಂಗಳ ಮೇಲೆ ತಿರುಗಿ ಬಂತು, ಆದರೆ ಕನ್ನಡವನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂತು. "ಕೆಲವರಿಗೆ ಹೀಗಾಗುತ್ತಮ್ಮಾ, ಮೊದಲು ಕಲಿತದ್ದೇ ಕೊನೆಗೆ ಉಳಿಯೋದು" ಎಂದರು ಡಾಕ್ಟರು. ನಲವತ್ತು ವರ್ಷ ಸ್ಪಷ್ಟವಾಗಿ ಕನ್ನಡ ಆಡಿದ ಬಾಯಿ ಈಗ ತೊದಲುತ್ತ, ನುಂಗುತ್ತ, ನನಗೆ ಬಾರದ ಭಾಷೆಯಲ್ಲಿ ಎರಡೆರಡು ಶಬ್ದ ಆಡುತ್ತಿತ್ತು. ಯಜಮಾನರ ಮನೆಯವರೂ ನಮ್ಮವರೇ. ಆದರೆ ಅವರಲ್ಲಿ ಭಾಷೆ ಇನ್ನೆರಡು ತಲೆಮಾರು ಮೊದಲೇ ಸವೆದು, ಈಗ ಬೈಗುಳ ನಾಲ್ಕು ಮಾತ್ರ ಉಳಿದಿವೆ. ಅವನ್ನು ಹಾಸಿಗೆ ಹಿಡಿದ ಹಿರಿಯರ ಮೇಲೆ ಪ್ರಯೋಗಿಸುವಂತಿರಲಿಲ್ಲ.

ಸಂಜೆಯ ಊಟದ ಹೊತ್ತು ಎಲ್ಲಕ್ಕಿಂತ ಕಷ್ಟದ್ದು. ನಾನು ತಟ್ಟೆ ಹಿಡಿದು ಮಂಚದ ಪಕ್ಕ ಕೂತೊಡನೆ ರುಕ್ಕತ್ತೆ ಬಾಯಿ ಬಿಗಿದು, ಬಾಗಿಲ ಕಡೆ ನೋಡುತ್ತ ಒಂದೊಂದೇ ಹೆಸರು ಹೇಳುವರು. ದಾದಾ. ಯಶೋದಿ. ಖಂಡ್ಯಾ. ಗೋದಿ. ಬಾಳ್ಯಾ. ಹೀಗೆ ಹನ್ನೊಂದು ಹೆಸರು; ಒಂದೊಂದಕ್ಕೂ ನಿಲ್ಲುವರು, ನನ್ನ ಮುಖ ನೋಡುವರು, ಮುಂದಕ್ಕೆ ಹೋಗುವರು. ದಾದಾ ಅಂದರೆ ನನ್ನಜ್ಜ. ಉಳಿದವರು ದೊಡ್ಡಪ್ಪ, ಚಿಕ್ಕಪ್ಪ, ಅವರ ಹೆಂಡತಿಯರು. ಎಲ್ಲರೂ ಸತ್ತು ಎಷ್ಟೋ ವರ್ಷಗಳಾದವರು. ಕೊನೆಯ ಹೆಸರು ಮಾರ್ತ್ಯಾ, ಅಂದರೆ ನನ್ನ ಅಪ್ಪ. ಅಲ್ಲಿಗೆ ಬಂದು ನಿಂತು, ಯಾರೂ ಬಾರದ ಬಾಗಿಲನ್ನು ನೋಡಿ, ಗೋಡೆಗೆ ಮುಖ ಮಾಡಿ ಮಲಗಿಬಿಡುವರು. ತಟ್ಟೆ ಹಾಗೇ ವಾಪಸು.

ಮಾಕಳಿಯಿಂದ ನೋಡಲು ಬಂದಿದ್ದ ನನ್ನ ನಾದಿನಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು. "ಸತ್ತೋರ್ನೆಲ್ಲ ಕರೀತಾವ್ರೆ ಕಣೇ. ನಮ್ಮ ಎದುರುಮನೆ ಅಜ್ಜೀನೂ ಇಂಗೇ ಕರೆದು ಎಂಟೇ ದಿನ. ಯಾರ್ಯಾರಿಗೆ ತಿಳಿಸ್ಬೇಕೋ ತಿಳಿಸ್ಬಿಡು." ಅವಳು ಹೋದ ಮೇಲೆ ನಾನು ಹೆದರಿಕೊಂಡೇ ಎಂಟು ದಿನ ಎಣಿಸಿದೆ. ಏನೂ ಆಗಲಿಲ್ಲ. ಆದರೆ ರುಕ್ಕತ್ತೆ ಸವೆಯುತ್ತಿದ್ದರು. ಸೀರೆ ಉಡಿಸುವಾಗ ನೆರಿಗೆ ದಿನದಿನಕ್ಕೂ ಜಾಸ್ತಿಯಾಗುತ್ತಿತ್ತು. ಅದಕ್ಕಿಂತ ಹೆಚ್ಚು ನನ್ನನ್ನು ಕೊರೆದದ್ದು, ಹೇಳಲು ನಾಚಿಕೆ, ಒಂದು ಸ್ವಾರ್ಥ. ಸತ್ತವರೆಲ್ಲರ ಹೆಸರೂ ಅವರಿಗೆ ನೆನಪಿತ್ತು. ದಿನವೂ ಎದುರು ಕೂತು ತುತ್ತು ಹಿಡಿಯುತ್ತಿದ್ದ ನನ್ನ ಹೆಸರನ್ನು ಲಕ್ವ ಹೊಡೆದಂದಿನಿಂದ ಒಮ್ಮೆಯೂ ಎತ್ತಿರಲಿಲ್ಲ. ಗುರುತು ಸಿಕ್ಕಿದೆಯೋ ಇಲ್ಲವೋ ಕೇಳೋಣವೆಂದರೆ, ಕೇಳುವುದಕ್ಕೆ ನನ್ನಲ್ಲಿ ಭಾಷೆಯಿಲ್ಲ.

ಹೀಗೆ ನಾನು ವಿದ್ಯಾರ್ಥಿನಿಯಾದೆ. ಗುರುಗಳು ಪ್ರಮೀಳಾಬಾಯಿ, ಬೆಳಗಾವಿಯ ಕಡೆಯವರು, ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ, ನಮ್ಮ ಬೀದಿಯ ಆಚೆಗಿನ ವಠಾರದಲ್ಲಿ ಮನೆ. ಮರಾಠಿ ಶಾಲೆಯಲ್ಲೇ ಓದಿದವರು. ಮೊದಲ ದಿನವೇ ನನ್ನ ಪಾಂಡಿತ್ಯವನ್ನು ಅಳೆದುಬಿಟ್ಟರು. "ಅಯ್ಯ, ಮರಾಠಿ ಮನಿತನ ಅಂತೀರಿ, ಪಾಣಿ ಅನ್ನೂದು ಬಿಟ್ರ ಒಂದು ಶಬ್ದ ಬರಂಗಿಲ್ಲಲ್ರೀ! ನಾಚಿಕಿ ಆಗಂಗಿಲ್ಲೇನ್ರಿ ಅಕ್ಕಾರ?"

"ಆಗತ್ತೆ ಕಣ್ರೀ. ಅದಕ್ಕೇ ಬಾಗಿಲು ಹಾಕ್ಕೊಂಡು ಪಾಠ ಹೇಳಿ" ಎಂದೆ.

ಪ್ರಮೀಳಾಬಾಯಿಯವರ ಬೋಧನೆಯಲ್ಲಿ ಕೊರತೆಯಿರಲಿಲ್ಲ. ಅಕ್ಷರ ನನಗೆ ಹಿಂದಿ ಪರೀಕ್ಷೆಯ ಕಾಲದಿಂದ ಗೊತ್ತಿತ್ತು. ವಾಕ್ಯಗಳನ್ನು ಅವರು ತೊಳೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುತ್ತಿದ್ದರು. ಹಿರಿಯರೊಡನೆ ಹೇಗೆ ಮಾತು ತೆಗೆಯಬೇಕು, ಎಷ್ಟು ಬಾಗಬೇಕು, ಆರೋಗ್ಯವನ್ನು ಹೇಗೆ ವಿಚಾರಿಸಬೇಕು, ಎಲ್ಲ ಆಯಿತು. ಆ ದಿನಗಳಲ್ಲಿ ನನಗೊಂದು ಬಗೆಯ ಗರ್ವವೂ ಬಂದಿತ್ತೆಂದು ಒಪ್ಪಿಕೊಳ್ಳಬೇಕು. ಸಾರಿಗೆ ಒಗ್ಗರಣೆ ಹಾಕುತ್ತ ಕ್ರಿಯಾಪದ ಹೇಳಿಕೊಳ್ಳುವಾಗ, ಕುದುರೆಯ ಮೇಲೆ ಕೂತ ನನ್ನ ಪೂರ್ವಜರು ಕತ್ತಿ ಝಳಪಿಸುತ್ತ ಮೆಚ್ಚಿಗೆಯಿಂದ ನೋಡುತ್ತಿದ್ದಾರೆ ಅನಿಸುತ್ತಿತ್ತು. ಕುದುರೆಯ ಮೇಲೆ ಕೂತವರು ಬೇರೆಯವರು, ನಮ್ಮವರು ಅವರ ಅಂಗಿಗೆ ಗುಂಡಿ ಹಚ್ಚಿದವರು ಎಂಬುದನ್ನು ಆಗ ಮರೆತಿದ್ದೆ.

ಮೂರು ತಿಂಗಳ ಅಭ್ಯಾಸದ ನಂತರ ಒಂದು ಬೆಳಿಗ್ಗೆ, ಸ್ನಾನ ಮಾಡಿ, ಒಗೆದ ಸೀರೆಯುಟ್ಟು, ರುಕ್ಕತ್ತೆಯ ಮಂಚದ ಮುಂದೆ ನಿಂತು, ಕೈಮುಗಿದು, "ಆಪಣ್ ಕಶಾ ಆಹಾತ್?" ಎಂದೆ. ತಾವು ಹೇಗಿದ್ದೀರಿ ಎಂದರ್ಥ.

ರುಕ್ಕತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎಡಗೈಯಿಂದ ಸೆರಗೆಳೆದು ತಲೆಯ ಮೇಲೆ ಹೊದ್ದರು. ಕಷ್ಟಪಟ್ಟು ಮಂಚದ ಅಂಚಿಗೆ ಸರಿದು, ಪಕ್ಕದ ಜಾಗವನ್ನು ತಟ್ಟಿ, "ಬಸಾ, ಬಸಾ" ಎಂದರು. ಕೂತುಕೊಳ್ಳಿ, ಕೂತುಕೊಳ್ಳಿ! ಆಮೇಲೆ ಕಣ್ಣು ತಗ್ಗಿಸಿ ಕೂತುಬಿಟ್ಟರು. ಶೈಲಾ ಪುಸ್ತಕದಿಂದ ಮುಖ ಮುಚ್ಚಿಕೊಂಡು ನಕ್ಕಳು. "ಅಮ್ಮಾ, ನಿನ್ನನ್ನ ಪುಣೆಯಿಂದ ಸಂಬಂಧ ಕೇಳಕ್ಕೆ ಬಂದೋರು ಅಂದ್ಕೊಂಡಿದಾರೆ!"

ನಗುವ ಮಾತಾಗಿ ಉಳಿಯಲಿಲ್ಲ ಅದು. ಹೊರಗಿನವರ ಎದುರು ನಮ್ಮ ಮನೆಯ ಹೆಂಗಸರು ಊಟ ಮಾಡುವುದಿಲ್ಲ. ಬಾಯಾರಿದರೂ ನೀರು ಕೇಳುವುದಿಲ್ಲ. ಅಂದಿನಿಂದ ರುಕ್ಕತ್ತೆ ಸಂಜೆಯ ಊಟದ ಜೊತೆಗೆ ಮಧ್ಯಾಹ್ನದ್ದನ್ನೂ ಬಿಟ್ಟರು. ನಾನು ತುತ್ತೆತ್ತಿದರೆ ಸಂಕೋಚದಿಂದ ತಟ್ಟೆಯನ್ನು ನನ್ನ ಕಡೆಗೇ ತಳ್ಳುವರು, ಅತಿಥಿಗೆ ಮೊದಲು ಎಂಬಂತೆ. ಅವರ ಹತ್ತಿರ ಹೋಗಬೇಕೆಂದು ನಾನು ಮೂರು ತಿಂಗಳು ಶ್ರಮಪಟ್ಟು ಕಲಿತ ಭಾಷೆ ನನ್ನನ್ನು ನಡುಮನೆಯಿಂದ ಎತ್ತಿ ಜಗುಲಿಯ ಮೇಲೆ ಕೂರಿಸಿತ್ತು. ಡಾಕ್ಟರು ಬಂದು ನಾಡಿ ಹಿಡಿದು, "ಊಟ ಸೇರದಿದ್ರೆ ಔಷಧಿ ಏನು ಮಾಡತ್ತಮ್ಮಾ, ಹದಿನೈದು ದಿನ ಕಷ್ಟ" ಎಂದು ಚೀಲ ಮುಚ್ಚಿಕೊಂಡರು.

ನಮ್ಮ ಓಣಿಯ ಕೊನೆಯ ಮನೆಯ ಜೈಬುನ್ನಮ್ಮ ದರ್ಜಿ ಅಂಗಡಿಗಳ ಬಟ್ಟೆ ತಂದು ಕಾಜ ಹೊಲಿಯುತ್ತಾರೆ. ಗುಂಡಿಗೆ ತೂತು ಮಾಡಿ ಅಂಚು ಕಟ್ಟುವ ಸಣ್ಣ ಕೆಲಸ. ಕಣ್ಣಿಗೆ ಬೆಳಕು ಬೇಕು. ಅವರ ಮನೆ ಕತ್ತಲೆ, ನಮ್ಮ ನಡುಮನೆಗೆ ಪಡುವಣದ ಕಿಟಕಿಯಿದೆ. ಹಾಗಾಗಿ ಸಂಜೆ ಗಂಟು ಹಿಡಿದು ಬಂದು ರುಕ್ಕತ್ತೆಯ ಮಂಚದ ಕೆಳಗೆ ಕೂತು, ಬೆಳಕು ಹೋದೊಡನೆ, ನಮ್ಮ ಊಟದ ಹೊತ್ತಿಗೆ ಮೊದಲೇ ಎದ್ದುಹೋಗುವುದು ಅವರ ರೂಢಿ. ಎಷ್ಟೋ ವರ್ಷಗಳಿಂದ ಕಂಡ ಮುಖವಾದ್ದರಿಂದಲೋ ಏನೋ ರುಕ್ಕತ್ತೆಗೆ ಅವರು ಹೊರಗಿನವರಲ್ಲ. ಅವರಿದ್ದಾಗ ಸೆರಗು ತಲೆಗೇರುವುದಿಲ್ಲ.

ಡಾಕ್ಟರು ಬಂದುಹೋದ ಮಾರನೆಯ ದಿನ, ಇನ್ನೂ ಬಿಸಿಲಿರುವಾಗಲೇ, ನಾನು ತಟ್ಟೆ ಹಿಡಿದು ಕೂತೆ. ರುಕ್ಕತ್ತೆ ಶುರುಮಾಡಿದರು: "ದಾದಾ."

"ಖಾ ಲಿಯೆ, ಅಮ್ಮಾ" ಎಂದರು ಜೈಬುನ್ನಮ್ಮ, ತಲೆಯೆತ್ತದೆ, ದಾರ ಕಚ್ಚುತ್ತ. ಉಂಡರು ಅಮ್ಮಾ, ಎಂದು.

ರುಕ್ಕತ್ತೆ ಅತ್ತ ತಿರುಗಿದರು. "ಯಶೋದಿ."

"ಖಾ ಲೀ."

"ಬಾಳ್ಯಾ."

"ಖಾ ಲಿಯಾ, ಅವ್ನೇ ಮೊದ್ಲು."

ಹೀಗೆ ಮಾರ್ತ್ಯಾನವರೆಗೆ. ಎಲ್ಲರದೂ ಆದ ಮೇಲೆ ರುಕ್ಕತ್ತೆ ಒಂದು ಉಸಿರು ಬಿಟ್ಟು, ನನ್ನ ಕಡೆ ತಿರುಗಿ, ಹಕ್ಕಿಮರಿಯಂತೆ ಬಾಯಿ ತೆರೆದರು. ಏಳು ತುತ್ತು ಉಂಡರು.

ತಟ್ಟೆ ತೊಳೆಯುವುದನ್ನೂ ಬಿಟ್ಟು ಜೈಬುನ್ನಮ್ಮನ ಮುಂದೆ ಕೂತೆ. "ಏನ್ ಮಾಡಿದ್ರಿ ನೀವು?"

"ನಾನೇನ್ ಮಾಡ್ದೆ ಅಕ್ಕಾ? ಅವ್ರು ಕೇಳಿದ್ರು, ನಾನು ಹೇಳ್ದೆ. ಇವ್ರು ಉಂಡ್ರಾ, ಅವ್ರು ಉಂಡ್ರಾ ಅಂತ ಕೇಳ್ತಾವ್ರೆ. ನಮ್ಮತ್ತೇನೂ ಹಿಂಗೇ ಇದ್ರು. ಮನೇಲಿ ಹದಿನಾಲ್ಕು ಜನ. ಒಬ್ರು ಬಾಕಿ ಇದ್ರೂ ಅವ್ರ ಗಂಟ್ಲಲ್ಲಿ ತುತ್ತಿಳೀತಿರ್ಲಿಲ್ಲ."

"ಆದ್ರೆ ಅವರೆಲ್ಲ ಸತ್ತುಹೋದೋರು, ಜೈಬುನ್ನಮ್ಮಾ."

"ಆಗ್ಲಿ" ಎಂದರು ಅವರು, ಕಾಜದ ಗಂಟು ಬಿಗಿಯುತ್ತ. "ಉಂಡೇ ಹೋಗಿರ್ತಾರಲ್ಲ?"

ಆಗ ನನಗೆ ಚಿಕ್ಕಬಾಣಾವರದ ಮನೆ ಕಣ್ಣಿಗೆ ಬಂತು. ನಾಲ್ಕೈದು ವರ್ಷದವಳಿದ್ದಾಗ ಕಂಡದ್ದು. ಹಿತ್ತಿಲಲ್ಲಿ ಬಣ್ಣದ ಬಾನಿಗಳು. ಒಂದು ಬಾನಿ ಕಾಯುತ್ತಿದ್ದರೆ ಅದನ್ನು ಬಿಟ್ಟು ಬರುವಂತಿಲ್ಲ, ಆದ್ದರಿಂದ ಗಂಡಸರೂ ಹೆಂಗಸರೂ ಮೊಣಕೈವರೆಗೆ ಕೆಂಪು, ನೀಲಿ ಹಚ್ಚಿಕೊಂಡು ಯಾವ್ಯಾವ ಹೊತ್ತಿಗೋ ಬಂದು ಉಂಡು ಹೋಗುವರು. ಯಾರದಾಯಿತು, ಯಾರದಿಲ್ಲ ಎಂದು ತಿಳಿಯುವ ಬಗೆ ಒಂದೇ: ಕೊನೆಗೆ ಉಣ್ಣುವ ಹಿರಿಯ ಹೆಂಗಸು ಅಡುಗೆಮನೆಯ ಹೊಸಲಿನ ಮೇಲೆ ನಿಂತು ಒಬ್ಬೊಬ್ಬರ ಹೆಸರು ಕೂಗುವುದು. ಹಿತ್ತಿಲಿನಿಂದ ಉತ್ತರ ಬರಬೇಕು. ಆಸಾಮಿ ಊರಲ್ಲಿಲ್ಲದಿದ್ದರೆ ಅವನ ಪರವಾಗಿ ಇನ್ನೊಬ್ಬರು ಹೇಳಬೇಕು. ಉತ್ತರವಿಲ್ಲದ ಹೆಸರು ಒಂದಿದ್ದರೂ ಅವಳು ಉಣ್ಣುವಂತಿಲ್ಲ. ಮೊದಲು ಅಜ್ಜಿ ಕೂಗುತ್ತಿದ್ದರು, ಅವರು ಹೋದ ಮೇಲೆ ರುಕ್ಕತ್ತೆ. ಯಲಹಂಕಕ್ಕೆ ಬಂದ ಮೇಲೆ ಅಪ್ಪ, "ಮೂರು ಜನಕ್ಕೆ ಎಂಥಾ ಹಾಜರಿ ಅಕ್ಕಾ, ಕಣ್ಣಿಗೇ ಕಾಣ್ತೀವಲ್ಲ" ಎಂದು ನಕ್ಕಿದ್ದರಂತೆ. ಹಾಗೆ ಅದು ನಿಂತಿತು. ಅಥವಾ ನಿಂತಿತೆಂದು ನಾವು ತಿಳಿದಿದ್ದೆವು. ರುಕ್ಕತ್ತೆ ಇಷ್ಟು ವರ್ಷ ಅದನ್ನು ಮನಸ್ಸಿನೊಳಗೇ ಕೂಗಿಕೊಂಡು, ಉತ್ತರವನ್ನೂ ತಾವೇ ಕೊಟ್ಟುಕೊಂಡು ಉಂಡರೋ ಏನೋ, ಯಾರು ಬಲ್ಲರು? ಸಾವನ್ನು ಕರೆಯುತ್ತಿದ್ದಾರೆಂದು ನಾವು ಹೆದರಿ ಕೂತಿದ್ದೆವು. ಅವರು ಊಟಕ್ಕೆ ಕರೆಯುತ್ತಿದ್ದರು. ನಾವು ಉತ್ತರ ಕೊಡದೆ ಉಪವಾಸ ಕೆಡವಿದ್ದೆವು.

ಮರುದಿನದಿಂದ ಉತ್ತರ ಕೊಡುವ ಕೆಲಸ ನನ್ನದಾಯಿತು. ನೋಟುಬುಕ್ಕಿನ ಇಸ್ತ್ರಿಯ ವಾಕ್ಯಗಳಲ್ಲಿ ಇದಕ್ಕೆ ಬೇಕಾದದ್ದು ಎರಡೇ ಶಬ್ದ: ಗಂಡಸಾದರೆ ಜೇವಲಾ, ಹೆಂಗಸಾದರೆ ಜೇವಲಿ. ಉಂಡ, ಉಂಡಳು. ಕೈ ಮುಗಿಯುವುದನ್ನು ಬಿಟ್ಟೆ, ಒಗೆದ ಸೀರೆಯನ್ನು ಬಿಟ್ಟೆ. ಸಾಸಿವೆ ಸಿಡಿಯುತ್ತಿರುವಾಗ ಅಡುಗೆಮನೆಯಿಂದಲೇ ಕೂಗಿ ಹೇಳಿದೆ, ಬಾನಿಯ ಹತ್ತಿರ ನಿಂತವರು ಹೇಳುವ ಹಾಗೆ. ಸೆರಗು ತಲೆಯಿಂದ ಹೆಗಲಿಗೆ ಇಳಿಯಿತು. ಒಂದು ಸಂಜೆ ಪ್ರಮೀಳಾಬಾಯಿ ಬಂದು ಕೂತು ಕೇಳಿ, "ಇದ್ಯಾ ಊರ ಮರಾಠಿರೀ? ಅರ್ಧ ಕನ್ನಡ, ಕಾಲು ತೆಲುಗು, ಉಳಿದದ್ದು ದೇವರಿಗೇ ಗೊತ್ತು!" ಎಂದು ನಕ್ಕರು. ಆಮೇಲೆ ಗೋದಿಯ ಹೆಸರು ಬಂದಾಗ ನನಗಿಂತ ಮೊದಲು ತಾವೇ "ಜೇವಲಿ" ಎಂದು, ಕಣ್ಣೊಳಗೆ ಏನೋ ಬಿದ್ದಿತೆಂಬಂತೆ ಸೆರಗು ಹುಡುಕಿದರು.

ಎರಡು ವಾರಗಳಿಂದ ರುಕ್ಕತ್ತೆ ಉಣ್ಣುತ್ತಿದ್ದಾರೆ. ನೆರಿಗೆ ಒಂದು ಕಡಿಮೆಯಾಗಿದೆ. ಸತ್ತ ಹನ್ನೊಂದು ಜನರ ಪರವಾಗಿ ದಿನವೂ ಹಾಜರಿ ಕೊಡುವ ನನಗೆ ಮಾತ್ರ ಗುರುತಿನ ಪ್ರಶ್ನೆ ಹಾಗೇ ಉಳಿದಿತ್ತು. ಉತ್ತರ ಕೊಡುವ ದನಿ ಯಾರದ್ದೆಂದು ಅವರಿಗೆ ಗೊತ್ತೇ? ಗೊತ್ತಿಲ್ಲದಿದ್ದರೂ ಸರಿ, ಉಂಡರೆ ಸಾಕು ಎಂದು ಮನಸ್ಸಿಗೆ ಹೇಳಿಕೊಳ್ಳುವುದನ್ನು ಕಲಿತಿದ್ದೆ. ನಲವತ್ತೇಳರಲ್ಲಿ ಮರಾಠಿಗಿಂತ ಕಷ್ಟದ ಪಾಠ ಅದು.

ಇವತ್ತು ಸಂಜೆಯೂ ಎಂದಿನಂತೆ ದಾದಾನಿಂದ ಶುರುವಾಯಿತು. ಮಾರ್ತ್ಯಾನವರೆಗೆ ಬಂದು, "ಜೇವಲಾ" ಎಂದು ಹೇಳಿ, ನಾನು ತುತ್ತೆತ್ತಿದೆ. ರುಕ್ಕತ್ತೆ ಬಾಯಿ ತೆರೆಯಲಿಲ್ಲ. ಬಾಗಿಲ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

"ಚಿಮಣಿ?"

ನಾನು ಲಂಗ ತೊಡುವ ಕಾಲಕ್ಕೆ ಅವರು ನನ್ನನ್ನು ಕರೆಯುತ್ತಿದ್ದ ಹೆಸರು ಅದು. ಗುಬ್ಬಚ್ಚಿ ಎಂದರ್ಥವೆಂದು ತಿಳಿದದ್ದು ಪ್ರಮೀಳಾಬಾಯಿಯ ಪಾಠದಲ್ಲಿ. ಅಲ್ಲಿಯವರೆಗೆ ನನ್ನನ್ನು ಸೀಮೆಎಣ್ಣೆಯ ದೀಪವೆಂದೇ ಭಾವಿಸಿಕೊಂಡಿದ್ದೆ. ಅಭ್ಯಾಸಬಲದಿಂದ, ಉಳಿದವರ ಪರವಾಗಿ ಹೇಳುವ ಹಾಗೆಯೇ, "ಜೇವಲಿ" ಎಂದೆ.

"ಖೋಟ" ಎಂದರು ರುಕ್ಕತ್ತೆ. ಸುಳ್ಳು!

ಸುಳ್ಳೇ. ಮಧ್ಯಾಹ್ನದ ಕಾಫಿಯ ಮೇಲೆ ನಾನು ಏನೂ ತಿಂದಿರಲಿಲ್ಲ. ಹನ್ನೊಂದು ಜನರ ವಿಷಯದಲ್ಲಿ ನನ್ನ ಮಾತನ್ನು ಚಾಚೂ ತಪ್ಪದೆ ನಂಬಿದವರು, ಹನ್ನೆರಡನೆಯವಳ ಮುಖ ನೋಡಿಯೇ ಹಿಡಿದುಬಿಟ್ಟರು. ಚಿಕ್ಕವಳಿದ್ದಾಗಲೂ ಹೀಗೆಯೇ ಹಿಡಿಯುತ್ತಿದ್ದರು. ಎಡಗೈ ಚಾಚಿ, ತುತ್ತು ಹಿಡಿದಿದ್ದ ನನ್ನ ಮಣಿಕಟ್ಟನ್ನು ಹಿಡಿದು, ನಿಧಾನವಾಗಿ ನನ್ನ ಬಾಯಿಯ ಕಡೆಗೇ ತಿರುಗಿಸಿದರು. "ಜೇವ್" ಎಂದರು. ಉಣ್ಣು. ಅದರಲ್ಲಿ ಬಸಾ, ಬಸಾ ಎಂಬ ಮರ್ಯಾದೆಯ ಸುಳಿವೂ ಇರಲಿಲ್ಲ.

ಊಟಕ್ಕೆ ಅನ್ನ, ಹುರುಳಿಕಾಳಿನ ಸಾರು, ಸುಟ್ಟ ಹಪ್ಪಳ. ಯಜಮಾನರು, ಶೈಲಾ ಮೊದಲೇ ಉಂಡಿದ್ದರು. ರುಕ್ಕತ್ತೆಗೆ ಸಾರನ್ನ ಮೆತ್ತಗೆ ಕಲಸಿದ್ದು, ಎಂಟು ತುತ್ತು. ನನಗೂ ಅದೇ ತಟ್ಟೆಯಿಂದ, ಅವರು ಸಾಕೆನ್ನುವವರೆಗೆ. ಎಲ್ಲರಿಗಿಂತ ಮೊದಲು ಮಲಗಿದವರು ರುಕ್ಕತ್ತೆ.